ಏರಿನಲ್ಲಿ ಗೆದ್ದು ಇಳಿಜಾರಿನಲ್ಲಿ ಸೋತ ಗಾಡಿ: ಹಳೆಯ ಫೋರ್ ವೀಲ್ ಡ್ರೈವ್ ಖರೀದಿಯ ಒಂದು ಪ್ರಕರಣ

ಹಿನ್ನೆಲೆ

ಮೂಡಿಗೆರೆ–ಸಕಲೇಶಪುರ ಸೀಮೆಯ ಒಬ್ಬ ಕಾಫಿ ಬೆಳೆಗಾರರ ಪ್ರಕರಣ ಇದು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರಿನ ಹೆಸರು, ಗಾಡಿಯ ನಂಬರು, ಮಾರಿದವರ ಗುರುತು ಯಾವುದೂ ಇಲ್ಲಿಲ್ಲ. ಅವರನ್ನು ಬೆಳೆಗಾರರು ಎಂದಷ್ಟೇ ಕರೆಯುತ್ತೇನೆ. ನನ್ನದೂ ಅದೇ ಸೀಮೆಯಲ್ಲಿ ಸಣ್ಣ ತೋಟ. ಇಪ್ಪತ್ತೈದು ವರ್ಷಗಳಿಂದ ಜೀಪು ಓಡಿಸಿ, ಬಿಚ್ಚಿ, ಜೋಡಿಸಿ ಅಭ್ಯಾಸವಿರುವುದರಿಂದ ಗಾಡಿ ಕೊಳ್ಳುವವರು ಜೊತೆಗೆ ಕರೆಯುತ್ತಾರೆ.

ಬೆಳೆಗಾರರಿಗೆ ಹನ್ನೊಂದು ಎಕರೆ ತೋಟ. ಮನೆಯಿಂದ ಡಾಂಬರು ರಸ್ತೆಗೆ ಒಂದು ಮುಕ್ಕಾಲು ಕಿಲೋಮೀಟರ್ ಮಣ್ಣುದಾರಿ. ನಡುವೆ ಒಂದು ಹಳ್ಳ, ಹಳ್ಳ ದಾಟಿದ ಮೇಲೆ ಕಡಿದಾದ ಏರು, ಏರಿನ ಒಂದು ಬದಿ ದರೆ (ಕಡಿದ ಮಣ್ಣಿನ ಗೋಡೆ), ಇನ್ನೊಂದು ಬದಿ ಇಳಿಜಾರಿನ ತೋಟ. ಬೇಸಿಗೆಯಲ್ಲಿ ಅವರ ಹಳೆಯ ಪಿಕಪ್ ಹೇಗೋ ಓಡುತ್ತಿತ್ತು. ಮೃಗಶಿರಾ ಮಳೆ ಹಿಡಿದರೆ ಅದು ಡಾಂಬರಿನ ಪಕ್ಕದ ಶೆಡ್ಡಿನಲ್ಲೇ ನಿಲ್ಲಬೇಕು. ಗೊಬ್ಬರ, ಮೈಲುತುತ್ತ, ಸುಣ್ಣ ಎಲ್ಲವೂ ಬಾಡಿಗೆ ಟ್ರ್ಯಾಕ್ಟರಿನಲ್ಲೇ ಬರಬೇಕು. 2022ರ ಪುನರ್ವಸು ಮಳೆಯಲ್ಲಿ ಜ್ವರ ಬಂದಿದ್ದ ಅವರ ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ವರು ಹೊತ್ತು ರಸ್ತೆಗೆ ತಂದರು. ಆ ವರ್ಷದ ಕೊಯ್ಲು ಮುಗಿದ ಕೂಡಲೇ ನಾಲ್ಕೂ ಚಕ್ರ ಎಳೆಯುವ ಗಾಡಿ ತರಬೇಕೆಂದು ಮನೆಯಲ್ಲಿ ತೀರ್ಮಾನವಾಯಿತು. ಕೈಯಲ್ಲಿದ್ದದ್ದು ನಾಲ್ಕೂವರೆ ಲಕ್ಷ, ಬಹಳ ಎಳೆದರೆ ಆರು. ಹೊಸದು ಕೊಳ್ಳುವ ಮಾತೇ ಇರಲಿಲ್ಲ.

ಮೊದಲ ಗಾಡಿ

ನನ್ನನ್ನು ಕರೆಯುವ ಹೊತ್ತಿಗೆ ಅವರು ಒಂದು ಗಾಡಿಗೆ ಇಪ್ಪತ್ತೈದು ಸಾವಿರ ಮುಂಗಡ ಕೊಟ್ಟಾಗಿತ್ತು. 2012ರ ಮಹೀಂದ್ರಾ ಥಾರ್ ಸಿಆರ್‌ಡಿಇ ಜೀಪು, ಹೇಳಿದ ಬೆಲೆ ಐದು ಲಕ್ಷ ತೊಂಬತ್ತು ಸಾವಿರ. ಆಯ್ಕೆಯಲ್ಲಿ ತಪ್ಪಿರಲಿಲ್ಲ. ಆ ಎರಡೂವರೆ ಲೀಟರ್ ಡೀಸೆಲ್ ಎಂಜಿನ್ನಿನ 247 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ನಿಮಿಷಕ್ಕೆ ಎರಡು ಸಾವಿರ ಸುತ್ತಿನೊಳಗೇ ಸಿಗುತ್ತದೆ. ಹೊರೆ ಹೊತ್ತು ನಿಧಾನವಾಗಿ ಏರು ಹತ್ತುವುದಕ್ಕೆ ಅಂಥ ಎಳೆತವೇ ಬೇಕು. ಬಣ್ಣ ಕನ್ನಡಿಯಂತಿತ್ತು, ಚಕ್ರಗಳು ಹೊಸವು, ಒಳಗಿನ ಸೀಟು ಹೊಸದು.

ನಾನು ಮೊದಲು ನೆಲಕ್ಕೆ ಗೋಣಿಚೀಲ ಹಾಸಿ ಗಾಡಿಯ ಅಡಿಗೆ ನುಸುಳಿದೆ. ಅಡಿಭಾಗ ಪೂರ್ತಿ ದಪ್ಪ ಕಪ್ಪು ಲೇಪನ, ಇನ್ನೂ ವಾಸನೆ ಹೊಡೆಯುತ್ತಿತ್ತು. ಹತ್ತು ವರ್ಷ ಓಡಿದ ಗಾಡಿಯ ಚಾಸಿ (ಅಡಿಯ ಕಬ್ಬಿಣದ ಚೌಕಟ್ಟು) ನಿನ್ನೆ ಮೊನ್ನೆ ಬಳಿದಂತೆ ಕಪ್ಪಗಿದ್ದರೆ ಅದನ್ನು ಯಾರೋ ಯಾವುದೋ ಕಾರಣಕ್ಕೆ ಬಳಿದಿದ್ದಾರೆ ಎಂದೇ ಅರ್ಥ. ತುಕ್ಕು ಬಾರದಂತೆ ಕಾಯುವ ಒಳ್ಳೆಯ ಉದ್ದೇಶವೂ ಇರಬಹುದು. ಹಾಗಾಗಿ ಆರೋಪ ಮಾಡುವ ಮೊದಲು ಸ್ಕ್ರೂ ಡ್ರೈವರಿನ ಹಿಡಿಕೆಯಿಂದ ತಟ್ಟುತ್ತಾ ಹೋದೆ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ. ಹಿಂದಿನ ಸ್ಪ್ರಿಂಗ್ ಕಟ್ಟುವ ಜಾಗದ ಹತ್ತಿರ ಬಂದಾಗ ಸದ್ದು ಮಂಕಾಯಿತು. ತುದಿ ತಿರುಗಿಸಿ ಒತ್ತಿದರೆ ಲೇಪನದ ಜೊತೆಗೆ ಹಪ್ಪಳದಂತೆ ತುಕ್ಕಿನ ಪದರ ಕಳಚಿ ಕೈಗೆ ಬಂತು. ಬಾಡಿಯನ್ನು ಚಾಸಿಗೆ ಕೂರಿಸುವ ಎರಡು ಕಡೆಯೂ ಇದೇ ಕಥೆ. ಕಾಗದ ನೋಡಿದಾಗ ಕಾರಣ ತಿಳಿಯಿತು. ಮೊದಲ ಎಂಟು ವರ್ಷ ಗಾಡಿ ಕರಾವಳಿಯಲ್ಲಿತ್ತು. ಉಪ್ಪುಗಾಳಿ, ಮರಳಿನ ಓಡಾಟ, ತೊಳೆಯದೆ ಬಿಟ್ಟ ಅಡಿಭಾಗ.

ಎಂಜಿನ್ ಕೆಟ್ಟರೆ ಬಿಚ್ಚಿ ಕಟ್ಟಬಹುದು, ಗೇರ್‌ಬಾಕ್ಸ್ ಹೋದರೆ ಇನ್ನೊಂದು ತರಬಹುದು. ಹೊರೆ ಹೊರುವ ಜಾಗದಲ್ಲಿ ಚಾಸಿ ತಿಂದುಹೋದರೆ ವೆಲ್ಡಿಂಗ್ ಮಾಡಿ ಒಂದೆರಡು ಮಳೆಗಾಲ ತಳ್ಳಬಹುದು, ಅಷ್ಟೇ. ನಾನು ಬೇಡವೆಂದೆ. ಬೆಳೆಗಾರರ ಮನಸ್ಸು ಮುಂಗಡದ ಹಣದಲ್ಲಿ ಸಿಕ್ಕಿಕೊಂಡಿತ್ತು. “ಇಪ್ಪತ್ತೈದು ಸಾವಿರ ನೀರಿಗೆ ಹಾಕಿದ ಹಾಗಾಗುತ್ತದಲ್ಲ ಅಣ್ಣಾ, ಆ ಜಾಗಕ್ಕೆ ವೆಲ್ಡಿಂಗ್ ಮಾಡಿಸಿದರೆ ಆಗದೆ?” ಎಂದು ಮೂರು ಸಲ ಕೇಳಿದರು. ದಲ್ಲಾಳಿ ಹತ್ತು ಸಾವಿರ ಇಳಿಸುವುದಾಗಿ ಹೇಳಿ ಆ ಆಸೆಗೆ ನೀರೆರೆದ.

ಈ ಪ್ರಕರಣದ ಮೊದಲ ತಿರುವು ಬಂದದ್ದು ಅವರ ಪತ್ನಿಯಿಂದ. “ನಾಲ್ಕೈದು ಮೂಟೆ ರೋಬಸ್ಟಾ ಚೆರ್ರಿ ಹೋಯಿತು ಎಂದುಕೊಳ್ಳಿ. ಅತ್ತೆಯನ್ನು ಕೂರಿಸಿಕೊಂಡು ಹೋಗುವ ಗಾಡಿ ಇದು,” ಎಂದರು. ಅಲ್ಲಿಗೆ ಮಾತು ಮುಗಿಯಿತು. ಎರಡು ವಾರ ದಲ್ಲಾಳಿಯ ಬೆನ್ನು ಬಿದ್ದ ಮೇಲೆ ಮುಂಗಡದಲ್ಲಿ ಹತ್ತು ಸಾವಿರ ವಾಪಸ್ಸು ಬಂತು. ಉಳಿದ ಹದಿನೈದು ಸಾವಿರ ನಷ್ಟವೇ. ಗಾಡಿಯ ಅಡಿಗೆ ಹೋಗದೆ ಮುಂಗಡ ಕೊಟ್ಟದ್ದಕ್ಕೆ ತೆತ್ತ ಬೆಲೆ ಅದು, ಬೇರೆ ಸಮಜಾಯಿಷಿ ನನ್ನಲ್ಲಿಲ್ಲ.

ಎರಡನೆಯದು

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಳೆಯ ಜೀಪು, ಬೆಲೆ ಎರಡು ಲಕ್ಷ ಎಪ್ಪತ್ತು ಸಾವಿರ. ಎಳೆತ ನಿಜಕ್ಕೂ ಚೆನ್ನಾಗಿತ್ತು. ಆದರೆ ಎಂಜಿನ್ನಿನ ಮೇಲೆ ಕೊರೆದ ನಂಬರಿಗೂ ಆರ್‌ಸಿಯಲ್ಲಿದ್ದ ನಂಬರಿಗೂ ಸಂಬಂಧವಿರಲಿಲ್ಲ. ಬೇರೆ ಎಂಜಿನ್ ಕೂರಿಸಿದ್ದರು, ಆರ್‌ಟಿಒದಲ್ಲಿ ದಾಖಲಿಸಿರಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇಂಥ ಬದಲಾವಣೆಗೆ ಕಡಿವಾಣ ಹಾಕುತ್ತದೆ. ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನ ಮಾರ್ಪಡಿಸಬಾರದೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಅಪಘಾತವಾದರೆ ವಿಮೆಯವರು ಮೊದಲು ತೆರೆಯುವುದು ಆ ಪುಟವನ್ನೇ. ಹಳೆಯ ಜೀಪುಗಳಲ್ಲಿ ಈ ತೊಡಕು ಎಷ್ಟು ಸಾಮಾನ್ಯವೆಂದರೆ, ನಾನು ಈಗ ಬಾನೆಟ್ ಎತ್ತುವಾಗ ಎಂಜಿನ್ ನೋಡುವ ಮೊದಲು ನಂಬರು ಹುಡುಕುತ್ತೇನೆ. ಅರ್ಧ ಗಂಟೆಯಲ್ಲಿ ಅಲ್ಲಿಂದ ಹೊರಟೆವು.

ಮೂರನೆಯದು

2023ರ ಫೆಬ್ರುವರಿ ಕೊನೆಯಲ್ಲಿ ನೋಡಿದ್ದು 2009ರ ಮಾರುತಿ ಜಿಪ್ಸಿ. ಮಾರುವವರು ನಿವೃತ್ತ ಅಧ್ಯಾಪಕರು, ಎರಡನೇ ಮಾಲೀಕರು. ಬಣ್ಣ ಮಾಸಿತ್ತು, ಹುಡ್‌ಗೆ ತೇಪೆ ಹಾಕಿತ್ತು, ಹಿಂದಿನ ಬಾಗಿಲು ತಗ್ಗಾಗಿತ್ತು. ಕೇಳಿದ್ದು ನಾಲ್ಕು ಲಕ್ಷ ಹತ್ತು ಸಾವಿರ.

ಜಿಪ್ಸಿಯ ಬಗ್ಗೆ ಬೆಳೆಗಾರರಿಗೆ ಅನುಮಾನವಿತ್ತು, ಅದು ನ್ಯಾಯವಾದ ಅನುಮಾನವೇ. 1298 ಸಿಸಿ ಪೆಟ್ರೋಲ್ ಎಂಜಿನ್ ಡೀಸೆಲ್ ಜೀಪಿನಂತೆ ತಳದಿಂದ ಎಳೆಯುವುದಿಲ್ಲ. ಅದರ ಟಾರ್ಕ್ 103 ನ್ಯೂಟನ್ ಮೀಟರ್ ಮಾತ್ರ, ಅದಕ್ಕೂ ಎಂಜಿನ್ ಸುತ್ತು ಏರಬೇಕು. ಪೆಟ್ರೋಲ್ ಖರ್ಚು ಜಾಸ್ತಿ. ಸಾರ್ವಜನಿಕರಿಗೆ ಮಾರಾಟ 2019ರ ಹೊತ್ತಿಗೆ ನಿಂತಿದೆ. ಆದರೆ ಗಾಡಿಯ ತೂಕ ಸುಮಾರು ಒಂದು ಟನ್ ಅಷ್ಟೇ. ನಮ್ಮ ಜಿಗಟು ಕೆಸರಿನಲ್ಲಿ ಭಾರದ ಗಾಡಿ ಹೂತು ನಿಲ್ಲುವ ಕಡೆ ಹಗುರವಾದದ್ದು ಮೇಲೆ ತೇಲಿದಂತೆ ದಾಟುತ್ತದೆ. ಮುಂದೆ ಹಿಂದೆ ಎರಡೂ ಕಡೆ ಗಟ್ಟಿ ಆಕ್ಸೆಲ್, ಪಟ್ಟಿ ಸ್ಪ್ರಿಂಗ್. ಸಣ್ಣ ಊರಿನ ಮೇಸ್ತ್ರಿಯೂ ಬಿಚ್ಚಬಲ್ಲ ಕಟ್ಟಣೆ. ಸೇನೆಯಲ್ಲಿ ಆಗಲೂ ಬಳಕೆಯಲ್ಲಿದ್ದುದರಿಂದ ಬಿಡಿಭಾಗಕ್ಕೆ ಬರವಿರಲಿಲ್ಲ. ಬೆಳೆಗಾರರ ಅಗತ್ಯ ಒಂದು ಸಲಕ್ಕೆ ಐದಾರು ಮೂಟೆ, ಇಲ್ಲವೇ ನಾಲ್ಕು ಜನ. ಅದಕ್ಕೆ ಇದು ಸಾಕೆಂದು ನನ್ನ ಅಭಿಪ್ರಾಯವಾಗಿತ್ತು, ಈಗಲೂ ಹಾಗೆಯೇ ಇದೆ.

ಹಿಂದಿನ ದಿನವೇ ಫೋನ್ ಮಾಡಿ, ನಾವು ಬರುವವರೆಗೆ ಗಾಡಿ ಚಾಲೂ ಮಾಡಬೇಡಿ ಎಂದು ಕೇಳಿಕೊಂಡಿದ್ದೆ. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿದೆ, ತಣ್ಣಗಿತ್ತು. ಬಿಸಿ ಎಂಜಿನ್ ತನ್ನ ಅರ್ಧ ಕಾಯಿಲೆಯನ್ನು ಮುಚ್ಚಿಟ್ಟುಕೊಳ್ಳುತ್ತದೆ. ಮೊದಲ ತಿರುವಿಗೇ ಹಿಡಿಯಿತು, ನೀಲಿ ಹೊಗೆಯಿಲ್ಲ. ಆಯಿಲ್ ಮುಚ್ಚಳ ತೆಗೆದರೆ ಬುಸುಗುಡಲಿಲ್ಲ. ರೇಡಿಯೇಟರ್ ನೀರಿನ ಮೇಲೆ ಎಣ್ಣೆಯ ಪದರ ಇರಲಿಲ್ಲ. ಚಾಸಿಯನ್ನು ಉದ್ದಕ್ಕೂ ತಟ್ಟಿದೆ. ಮೇಲುತುಕ್ಕು ಇತ್ತು, ತೂತಿರಲಿಲ್ಲ. ಮುಂದಿನ ಮತ್ತು ಹಿಂದಿನ ಆಕ್ಸೆಲ್ ಹೌಸಿಂಗ್‌ನ (ಆಕ್ಸೆಲ್ಲಿನ ಕವಚದ) ಎಣ್ಣೆಯ ಬೋಲ್ಟು ಸಡಿಲಿಸಿ ನಾಲ್ಕು ಹನಿ ಬೆರಳಿಗೆ ತೆಗೆದುಕೊಂಡೆ. ಹಳ್ಳ ದಾಟುವ ಗಾಡಿಗಳಲ್ಲಿ ಈ ಎಣ್ಣೆ ಹಾಲು ಕಲಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ ಎಂದರ್ಥ, ಬೇರಿಂಗ್‌ಗಳ ಆಯುಸ್ಸು ಮುಗಿಯುತ್ತಾ ಬಂದಿದೆ. ಇಲ್ಲಿ ಎಣ್ಣೆ ಹಳೆಯದಾಗಿ ಕಪ್ಪಾಗಿತ್ತು, ನೀರಿರಲಿಲ್ಲ.

ದೋಷ ಸಿಕ್ಕಿದ್ದು ಮುಂದಿನ ಚಕ್ರಗಳಲ್ಲಿ. ಜ್ಯಾಕ್ ಕೊಟ್ಟು ಚಕ್ರದ ಮೇಲಂಚು ಕೆಳಂಚು ಹಿಡಿದು ಅಲುಗಿಸಿದರೆ ಲೊಟಲೊಟ ಎಂದಿತು. ಬೆಳೆಗಾರರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲುಗಿಸಿದೆ. ಬ್ರೇಕ್ ಹಿಡಿದಾಗ ಅಲುಗಾಟ ನಿಂತರೆ ದೋಷ ವೀಲ್ ಬೇರಿಂಗ್‌ನದು. ಇಲ್ಲಿ ನಿಲ್ಲಲಿಲ್ಲ. ಹಾಗಾದರೆ ಕಿಂಗ್ ಪಿನ್ ಬೇರಿಂಗ್, ಅಂದರೆ ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಕೀಲಿನದು. ಆ ಕೀಲಿನ ಗೂಡಾದ ನಕಲ್‌ನ ಹಿಂಬದಿಯಲ್ಲಿ ಗ್ರೀಸಿನ ಜೊತೆ ಹೌಸಿಂಗ್ ಎಣ್ಣೆ ಬೆರೆತು ಸೋರುತ್ತಿತ್ತು, ಅಂದರೆ ಒಳಗಿನ ಸೀಲೂ ಹೋಗಿದೆ. ಅರವತ್ತರ ವೇಗದಲ್ಲಿ ಒಂದು ಸಣ್ಣ ಗುಂಡಿ ಹಾರಿಸಿದರೆ ಸ್ಟೇರಿಂಗ್ ಗಡಗಡ ನಡುಗಿ, ಗಾಡಿ ನಿಧಾನಿಸುವವರೆಗೂ ನಿಲ್ಲುತ್ತಿರಲಿಲ್ಲ. ಈ ನಡುಕ ಹೊಸಬರನ್ನು ಹೆದರಿಸಿ ಓಡಿಸುತ್ತದೆ. ಅಪಾಯಕಾರಿಯೇ ಹೌದು, ಆದರೆ ಗಟ್ಟಿ ಆಕ್ಸೆಲ್ಲಿನ ಹಳೆಯ ಗಾಡಿಗಳಲ್ಲಿ ಸಾಮಾನ್ಯವಾದದ್ದು ಮತ್ತು ಪೂರ್ತಿ ಸರಿಪಡಿಸಬಹುದಾದದ್ದು.

ಕಾಗದದ ಹಾಳೆಯ ಮೇಲೆ ಅಧ್ಯಾಪಕರ ಎದುರಿಗೇ ಲೆಕ್ಕ ಬರೆದೆವು. ಕಿಂಗ್ ಪಿನ್ ಬೇರಿಂಗ್, ಸೀಲು ಎರಡೂ ಕಡೆ ಹದಿನಾಲ್ಕು ಸಾವಿರ, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ನಾಲ್ಕೂವರೆ, ಕ್ಲಚ್ ಒಂಬತ್ತೂವರೆ, ಸ್ಪ್ರಿಂಗ್ ಬುಷ್ ಐದು, ನಾಲ್ಕು ಟೈರು ಇಪ್ಪತ್ತಾರು. ಒಟ್ಟು ಐವತ್ತೊಂಬತ್ತು ಸಾವಿರ. ಅವರು ಪಟ್ಟಿಯನ್ನು ನಿಧಾನವಾಗಿ ಓದಿ, ಒಂದೆರಡು ಪ್ರಶ್ನೆ ಕೇಳಿ, ಐವತ್ತೈದು ಸಾವಿರ ಬಿಟ್ಟುಕೊಟ್ಟರು. ಮೂರು ಲಕ್ಷ ಐವತ್ತೈದು ಸಾವಿರಕ್ಕೆ ವ್ಯಾಪಾರ ಕುದುರಿತು. ಚೌಕಾಸಿ ಮಾಡುವುದಕ್ಕಿಂತ ದೋಷದ ಪಟ್ಟಿ ಎದುರಿಗಿಟ್ಟು ಮಾತಾಡುವುದು ಎರಡೂ ಕಡೆಯವರ ಮಾನ ಉಳಿಸುತ್ತದೆ.

ಆರ್‌ಸಿ, ಎಂಜಿನ್ ನಂಬರು, ಚಾಸಿ ನಂಬರು ಎಲ್ಲ ಸರಿಯಿತ್ತು. ಸಾಲದ ನಮೂದು ತೆಗೆದಾಗಿತ್ತು. ಮಾಲೀಕತ್ವ ವರ್ಗಾವಣೆಯ 29 ಮತ್ತು 30ನೇ ನಮೂನೆಗಳಿಗೆ ಅಲ್ಲೇ ಸಹಿಯಾಯಿತು. ಒಂದು ಮಾತ್ರ ಗಮನದಲ್ಲಿಡಬೇಕಿತ್ತು. ಹದಿನೈದು ವರ್ಷದ ನೋಂದಣಿ 2024ಕ್ಕೆ ಮುಗಿಯುತ್ತಿತ್ತು. 2022ರ ಏಪ್ರಿಲ್‌ನಿಂದ ಕಾರಿನ ನೋಂದಣಿ ನವೀಕರಣ ಶುಲ್ಕ ಆರುನೂರರಿಂದ ಐದು ಸಾವಿರಕ್ಕೆ ಏರಿತ್ತು, ಜೊತೆಗೆ ತಪಾಸಣೆ, ಹಸಿರು ತೆರಿಗೆ. ಆ ಖರ್ಚನ್ನೂ ಮನಸ್ಸಿನಲ್ಲಿಟ್ಟೇ ಒಪ್ಪಿದೆವು.

ಕೊನೆಗೆ ಫೋರ್ ವೀಲ್ ಪರೀಕ್ಷೆ. ಮುಂದಿನ ಚಕ್ರಗಳನ್ನು ಆಕ್ಸೆಲ್ಲಿಗೆ ಜೋಡಿಸುವ ಹಬ್ ಲಾಕ್ ತಿರುಗಿಸಿ, ಲಿವರನ್ನು ಲೋ ಫೋರ್‌ಗೆ (ನಾಲ್ಕೂ ಚಕ್ರಕ್ಕೆ ನಿಧಾನ ವೇಗದಲ್ಲಿ ಹೆಚ್ಚು ಎಳೆತ) ಹಾಕಿ, ಅಧ್ಯಾಪಕರ ಮನೆಯ ಹಿಂದಿನ ಒಣಗಿದ ಮಣ್ಣಿನ ಏರನ್ನು ಎರಡು ಸಲ ಹತ್ತಿಸಿದೆ. ಕೆಳಗೆ ಕುಳಿತಿದ್ದ ಬೆಳೆಗಾರರು ಮುಂದಿನ ಶಾಫ್ಟ್ ತಿರುಗುವುದನ್ನೂ ಮುಂದಿನ ಚಕ್ರ ಮಣ್ಣು ಕೆದರುವುದನ್ನೂ ನೋಡಿ ಕೈ ಎತ್ತಿದರು. ಏರಿನ ತುದಿಯಲ್ಲಿ ತಿರುಗಿಸಿಕೊಳ್ಳಲು ಜಾಗವಿತ್ತು. ಲಿವರನ್ನು ಟೂ ವೀಲ್‌ಗೆ ತಂದು, ಬೇರೆ ದಾರಿಯಿಂದ ಸುತ್ತಿಕೊಂಡು ಅಂಗಳಕ್ಕೆ ಬಂದೆ. ಪರೀಕ್ಷೆ ಮುಗಿಯಿತು ಎಂದುಕೊಂಡೆ.

ಆಶ್ಲೇಷ ಮಳೆಯ ದಿನ

ಮಾರ್ಚಿನಲ್ಲಿ ಪಟ್ಟಿಯಲ್ಲಿದ್ದ ಕೆಲಸವೆಲ್ಲ ಮುಗಿಯಿತು. ಬಿಲ್ಲು ಅರವತ್ತೆರಡು ಸಾವಿರ, ಅಂದಾಜಿಗಿಂತ ಮೂರು ಸಾವಿರ ಹೆಚ್ಚು. ಸ್ಟೇರಿಂಗ್ ನಡುಕ ಮಾಯವಾಯಿತು. ಜೂನ್, ಜುಲೈ ಗಾಡಿ ಹೂವಿನಂತೆ ಓಡಿತು. ಬೆಳೆಗಾರರ ತಾಯಿ ಎರಡು ಸಲ ಆಸ್ಪತ್ರೆಗೆ ಗಾಡಿಯಲ್ಲೇ ಹೋಗಿ ಬಂದರು.

ಆಗಸ್ಟ್ ಮೊದಲ ವಾರ ಬೆಳೆಗಾರರು ಗೊಬ್ಬರದ ಆರು ಮೂಟೆ ಹೇರಿಕೊಂಡು ರಸ್ತೆಯಿಂದ ಮನೆಗೆ ಬರುತ್ತಿದ್ದರು. ಹಳ್ಳಕ್ಕೆ ಇಳಿಯುವ ಕಡಿದಾದ ಜಾಗದಲ್ಲಿ, ನಾನೇ ಹೇಳಿಕೊಟ್ಟಂತೆ, ಲೋ ಫೋರ್‌ನಲ್ಲಿ ಮೊದಲ ಗೇರ್ ಹಾಕಿ, ಆಕ್ಸಿಲರೇಟರಿನಿಂದ ಕಾಲು ತೆಗೆದು, ಎಂಜಿನ್ನಿನ ತಡೆಯಲ್ಲೇ ಇಳಿಸುತ್ತಿದ್ದರು. ಅರ್ಧ ದಾರಿಯಲ್ಲಿ ಕಟಕ್ ಎಂದು ಸದ್ದಾಯಿತು. ಲಿವರ್ ತಾನಾಗಿ ಜಾರಿ ನ್ಯೂಟ್ರಲ್‌ಗೆ ಬಿದ್ದಿತ್ತು.

ಜಿಪ್ಸಿಯಲ್ಲಿ ಹೈ ಫೋರ್‌ಗೂ (ನಾಲ್ಕೂ ಚಕ್ರ, ಮಾಮೂಲಿ ವೇಗ) ಲೋ ಫೋರ್‌ಗೂ ನಡುವೆ ನ್ಯೂಟ್ರಲ್ ಇದೆ. ಲೋ ಫೋರ್ ಜಾರಿದರೆ ನಿಲ್ಲುವುದು ಅಲ್ಲಿ. ಗೇರ್ ಹಾಕಿದ್ದರೂ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ಕಡಿದುಹೋಗುತ್ತದೆ, ಎಂಜಿನ್ ತಡೆ ಪೂರ್ತಿ ಇಲ್ಲವಾಗುತ್ತದೆ. ಮೂರು ಕ್ವಿಂಟಲ್ ಹೊರೆಯ ಗಾಡಿ ಕೆಸರಿನಲ್ಲಿ ಜಾರತೊಡಗಿತು. ಬ್ರೇಕ್ ಒತ್ತಿದರೆ ಚಕ್ರ ನಿಂತವು, ಗಾಡಿ ನಿಲ್ಲಲಿಲ್ಲ. ಅವರು ಗಾಬರಿಯಾಗದೆ ಬ್ರೇಕ್ ಬಿಟ್ಟು, ಸ್ಟೇರಿಂಗನ್ನು ದರೆಯ ಕಡೆಗೆ ತಿರುಗಿಸಿದರು. ಮಡ್‌ಗಾರ್ಡ್ ದರೆಗೆ ಒರಗಿ, ಮಣ್ಣಿನಲ್ಲಿ ನಾಲ್ಕಡಿ ಗೀರಿಕೊಂಡು ಗಾಡಿ ನಿಂತಿತು. ಇನ್ನೊಂದು ಬದಿಗೆ ತಿರುಗಿಸಿದ್ದರೆ ಈ ಬರಹದ ಧಾಟಿಯೇ ಬೇರೆಯಾಗುತ್ತಿತ್ತು. ಆ ದಿನ ಅವರ ತಾಯಿ ಗಾಡಿಯಲ್ಲಿರಲಿಲ್ಲ.

ಬಿಚ್ಚಿದಾಗ ಕಂಡದ್ದು

ಎಳೆತವನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆಯಾದ ಟ್ರಾನ್ಸ್‌ಫರ್ ಕೇಸ್ ಇಳಿಸಿ ಮೇಸ್ತ್ರಿ ಹಲಗೆಯ ಮೇಲೆ ಒಂದೊಂದೇ ಭಾಗ ಜೋಡಿಸಿಟ್ಟರು. ಲೋ ಗೇರಿಗೆ ಕೊಂಡಿಯಾಗುವ ಹಲ್ಲುಗಳ ಒಂದು ಬದಿ ನುಣ್ಣಗೆ ಸವೆದಿತ್ತು. ಲಿವರನ್ನು ಹಿಡಿದಿಡುವ ಸ್ಪ್ರಿಂಗ್ ಸೊರಗಿತ್ತು, ಫೋರ್ಕಿನ ತುದಿ ತೆಳುವಾಗಿತ್ತು. ಅದಕ್ಕಿಂತ ಮುಖ್ಯವಾಗಿ ಪೆಟ್ಟಿಗೆಯನ್ನು ಚಾಸಿಗೆ ಕೂರಿಸುವ ರಬ್ಬರ್‌ಗಳಲ್ಲಿ ಎರಡು ಹರಿದಿದ್ದವು. ಜಿಪ್ಸಿಯ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ಒಂದು ಗಿಡ್ಡ ಶಾಫ್ಟಿನ ಆಚೆ ಬೇರೆಯಾಗಿ ತೂಗುತ್ತದೆ. ರಬ್ಬರ್ ಹರಿದರೆ ಎಳೆತದ ದಿಕ್ಕು ಬದಲಾದಾಗಲೆಲ್ಲ ಪೆಟ್ಟಿಗೆಯೇ ತಿರುಚಿಕೊಳ್ಳುತ್ತದೆ.

ಏರಿನಲ್ಲಿ ಯಾಕೆ ಜಾರಲಿಲ್ಲ ಎಂದು ಕೇಳಿದೆ. ಮೇಸ್ತ್ರಿ ಎರಡು ಗೇರುಗಳನ್ನು ಕೈಯಲ್ಲಿ ಕೂಡಿಸಿ ತೋರಿಸಿದರು. “ಎಂಜಿನ್ ಚಕ್ರವನ್ನು ತಳ್ಳುವಾಗ ಹಲ್ಲಿನ ಈ ಮುಖ ಕಚ್ಚುತ್ತದೆ, ಇದು ಚೆನ್ನಾಗಿದೆ. ಇಳಿಯುವಾಗ ಚಕ್ರವೇ ಎಂಜಿನ್ನನ್ನು ತಳ್ಳುತ್ತದೆ, ಆಗ ಕಚ್ಚಬೇಕಾದದ್ದು ಆ ಮುಖ. ಸವೆದಿರುವುದು ಅದೇ ಸ್ವಾಮಿ.” ನಾನು ಏರಿನಲ್ಲಿ ಎರಡು ಸಲವಲ್ಲ, ಇಪ್ಪತ್ತು ಸಲ ಹತ್ತಿಸಿದ್ದರೂ ದೋಷ ಕಾಣುತ್ತಿರಲಿಲ್ಲ. ಇಳಿಜಾರಿನಲ್ಲಿ ಒಂದೇ ಸಲ, ಕಾಲು ತೆಗೆದು ಇಳಿಸಿದ್ದರೆ ಐವತ್ತು ಅಡಿಯೊಳಗೆ ಲಿವರ್ ಅದುರುವುದು ಕೈಗೆ ತಿಳಿಯುತ್ತಿತ್ತು. ಜೂನ್, ಜುಲೈನಲ್ಲಿ ಜಾರದಿದ್ದುದಕ್ಕೂ ಕಾರಣ ಸಿಕ್ಕಿತು. ಆಗೆಲ್ಲ ಅವರು ಹೊರೆಯಿಲ್ಲದೆ, ಹೆಚ್ಚಾಗಿ ಹೈ ಫೋರ್‌ನಲ್ಲೇ ಇಳಿಯುತ್ತಿದ್ದರು.

ಅಧ್ಯಾಪಕರು ಮುಚ್ಚಿಟ್ಟರೇ ಎಂಬ ಪ್ರಶ್ನೆ ಮನೆಯಲ್ಲಿ ಎದ್ದಿತು. ಬೆಳೆಗಾರರು ಫೋನ್ ಮಾಡಿದರು. ಅಧ್ಯಾಪಕರು ನಿಜಕ್ಕೂ ನೊಂದುಕೊಂಡರು. ಆರು ವರ್ಷದಲ್ಲಿ ಅವರು ಲೋ ಫೋರ್ ಹಾಕಿದ್ದು ಎರಡೋ ಮೂರೋ ಸಲ, ಅದೂ ಅಂಗಳದಲ್ಲಿ, ಸರಿಯಿದೆಯೇ ಎಂದು ನೋಡುವುದಕ್ಕೆ. “ಫೋರ್ ವೀಲ್ ಸರಿಯಿದೆ” ಎಂದು ಹೇಳಿದಾಗ ಅವರು ತಮಗೆ ತಿಳಿದ ಸತ್ಯವನ್ನೇ ಹೇಳಿದ್ದರು. ನಾವು ಕೇಳಬೇಕಾಗಿದ್ದದ್ದು ಫೋರ್ ವೀಲ್ ಸರಿಯಿದೆಯೇ ಎಂದಲ್ಲ. ಕೊನೆಯ ಸಲ ಯಾವಾಗ ಹಾಕಿದಿರಿ, ಎಲ್ಲಿ, ಎಷ್ಟು ಹೊರೆಯಲ್ಲಿ ಎಂದು. ಸವೆತ ಬಹುಶಃ ಮೊದಲ ಮಾಲೀಕರ ಕಾಲದ್ದು. ಟ್ರಾನ್ಸ್‌ಫರ್ ಕೇಸಿನ ರಬ್ಬರ್‌ಗಳನ್ನು ನಾನು ಅಡಿಗೆ ನುಸುಳಿದಾಗಲೇ ಒಂದು ಸಬ್ಬಲಿನಿಂದ ಮೀಟಿ ನೋಡಬಹುದಿತ್ತು. ಕಣ್ಣೆದುರಿಗೇ ಇದ್ದವು. ಥಾರ್‌ನಲ್ಲಿ ಚಾಸಿ ತಿಂದದ್ದು ಕಂಡ ಮೇಲೆ ನನ್ನ ಗಮನವೆಲ್ಲ ತುಕ್ಕಿನ ಮೇಲೇ ಇತ್ತು. ಈ ತಪ್ಪು ನನ್ನದು ಎಂದು ಬೆಳೆಗಾರರ ಮನೆಯವರ ಎದುರಿಗೆ ಹೇಳಿದ್ದೇನೆ.

ಆಗ ಎರಡನೇ ತೀರ್ಮಾನ ಬೇಕಾಯಿತು. ಬಂದ ಬೆಲೆಗೆ ಗಾಡಿ ಮಾರಿಬಿಡೋಣ ಎಂದರು ಅವರ ಭಾವ. ಮೇಸ್ತ್ರಿಯ ಲೆಕ್ಕ ಬೇರೆ ಇತ್ತು. ಚಾಸಿ ಗಟ್ಟಿ, ಎಂಜಿನ್ ಆರೋಗ್ಯವಾಗಿದೆ, ಮುಂದಿನ ಆಕ್ಸೆಲ್ ಹೊಸದಾಗಿದೆ, ಇದೊಂದು ಪೆಟ್ಟಿಗೆ ಸರಿಯಾದರೆ ಅಡಿಯಿಂದ ಮುಡಿಯವರೆಗೆ ಗೊತ್ತಿರುವ ಗಾಡಿ. ಬೇರೆ ಗಾಡಿ ತಂದರೆ ಮತ್ತೆ ಗೊತ್ತಿಲ್ಲದ್ದರಿಂದ ಆರಂಭ. ಬೆಳೆಗಾರರು ಮೇಸ್ತ್ರಿಯ ಮಾತಿಗೆ ಒಪ್ಪಿದರು. ಗೇರು, ಫೋರ್ಕು, ಬೇರಿಂಗ್, ಸೀಲು, ರಬ್ಬರ್‌ಗಳಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನೂ ಶಿವಾಜಿನಗರದ ಗುಜರಿಯನ್ನೂ ಎರಡು ದಿನ ಸುತ್ತಿದೆವು. ಗುಜರಿಯಲ್ಲಿ ಪೂರ್ತಿ ಪೆಟ್ಟಿಗೆಯೇ ಅರ್ಧ ಬೆಲೆಗೆ ಸಿಗುತ್ತಿತ್ತು. ಆದರೆ ಅದರೊಳಗಿನ ಹಲ್ಲುಗಳನ್ನು ನೋಡಿದವರು ಯಾರು? ಹೊಸ ಭಾಗಗಳನ್ನೇ ತಂದೆವು. ಖರ್ಚು ನಲವತ್ತೊಂದು ಸಾವಿರ, ಗಾಡಿ ನಿಂತದ್ದು ಹತ್ತೊಂಬತ್ತು ದಿನ, ಮಳೆಯ ನಟ್ಟನಡುವೆ. ಖರೀದಿ, ಎರಡು ಸಲದ ದುರಸ್ತಿ ಸೇರಿ ನಾಲ್ಕು ಲಕ್ಷ ಐವತ್ತೆಂಟು ಸಾವಿರ. ಕಳೆದುಕೊಂಡ ಮುಂಗಡ ಸೇರಿಸಿದರೆ ನಾಲ್ಕು ಲಕ್ಷ ಎಪ್ಪತ್ತಮೂರು ಸಾವಿರ. ಮೊದಲಿಟ್ಟುಕೊಂಡ ಮೊತ್ತಕ್ಕಿಂತ ಇಪ್ಪತ್ತಮೂರು ಸಾವಿರ ಹೆಚ್ಚು.

ಈಗ ಯಾರ ಜೊತೆ ಹೋದರೂ ನನ್ನ ಪರೀಕ್ಷೆಯ ಕ್ರಮ ಬದಲಾಗಿದೆ. ಚಿಕ್ಕ ಇಳಿಜಾರು, ಕೆಳಗೆ ಸಮತಟ್ಟು ಜಾಗ ಇರುವ ಕಡೆಯೇ ನೋಡುತ್ತೇನೆ. ಲೋ ಫೋರ್, ಮೊದಲ ಗೇರ್, ಕಾಲು ಬ್ರೇಕಿನ ಮೇಲೆ ಸಿದ್ಧ. ಕೈಯನ್ನು ಲಿವರಿಗೆ ಮುಟ್ಟಿಸಿರುತ್ತೇನೆ, ಹಿಡಿದಿರುವುದಿಲ್ಲ, ಹಿಡಿದರೆ ಜಾರುವುದು ತಿಳಿಯುವುದಿಲ್ಲ. ಇಳಿಯುವಾಗ ನಾಲ್ಕೈದು ಸಲ ಆಕ್ಸಿಲರೇಟರ್ ಒತ್ತಿ ಬಿಡುತ್ತೇನೆ. ಮಾರುವವರು ಇಳಿಜಾರಿಗೆ ಬೇಡ ಎಂದರೆ ಅಲ್ಲಿಗೇ ನಮಸ್ಕಾರ ಹೇಳುತ್ತೇನೆ. ಇದನ್ನು ಡಾಂಬರಿನ ಮೇಲೆ ಮಾಡಬಾರದು. ಒಣ ರಸ್ತೆಯಲ್ಲಿ ಮುಂದಿನ ಹಿಂದಿನ ಚಕ್ರಗಳು ಒಂದೇ ವೇಗಕ್ಕೆ ಕಟ್ಟಿಬಿದ್ದು ಶಾಫ್ಟು, ಗೇರುಗಳ ಮೇಲೆ ತಿರುಚು ಬೀಳುತ್ತದೆ, ಚೆನ್ನಾಗಿರುವ ಪೆಟ್ಟಿಗೆಯೂ ಕೆಡುತ್ತದೆ.

2024ರಲ್ಲಿ ಜಿಪ್ಸಿಯ ನೋಂದಣಿ ಇನ್ನೈದು ವರ್ಷಕ್ಕೆ ನವೀಕರಣವಾಯಿತು. ಬಲಗಡೆಯ ಮಡ್‌ಗಾರ್ಡಿನಲ್ಲಿ ದರೆ ಗೀರಿದ ಗುರುತು ಹಾಗೆಯೇ ಇದೆ. ಟಿಂಕರಿಂಗ್ ಮಾಡಿಸಿ ಎಂದು ನಾನು ಒಮ್ಮೆ ಹೇಳಿದೆ, ಬೆಳೆಗಾರರ ಪತ್ನಿ ಬೇಡವೆಂದರು. ಮೃಗಶಿರಾ ಮಳೆ ಹಿಡಿಯುವ ಮೊದಲು, ಕಾಫಿ ಕಣದ ಹಿಂದಿನ ಇಳಿಜಾರಿನಲ್ಲಿ ಆರು ಮೂಟೆ ಮಣ್ಣು ಹೇರಿ ಗಾಡಿಯನ್ನು ಇಳಿಸಿ ನೋಡುವುದು ಈಗ ಆ ಮನೆಯ ಪದ್ಧತಿ.